ಲಾಂಡ್ರಿ ಮುಂದಿನ ಹನ್ನೆರಡು ಮೀಟರ್

ಅಕ್ಟೋಬರ್ 16, ಬುಧವಾರ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ಕಾಗದ ಬರೆದು ನಾಲ್ಕು ತಿಂಗಳಾಯಿತು, ತಪ್ಪಾಯಿತು. ಕೆಲಸ ಜಾಸ್ತಿ ಅಂತ ನೆಪ ಹೇಳಬಹುದಿತ್ತು, ಆದರೆ ನನ್ನ ನೆಪಗಳೆಲ್ಲ ನಿನಗೆ ಚಿಕ್ಕಂದಿನಿಂದ ಪರಿಚಯ. ಬರೆಯಲು ಕೂತಾಗಲೆಲ್ಲ ಅಮ್ಮನ ಮಂಡಿನೋವು, ತಮ್ಮನ ಮಗಳ ಹೊಸ ಹಲ್ಲು, ಇಲ್ಲಿಯ ಬಿಸಿಲು, ಇಷ್ಟಕ್ಕೇ ಪುಟ ಮುಗಿಯುತ್ತಿತ್ತು. ಓದಿ ನೋಡಿದರೆ ಯಾರೋ ನೆಂಟರಿಗೆ ಬರೆದ ಹಾಗಿರುತ್ತಿತ್ತು, ಹರಿದು ಹಾಕುತ್ತಿದ್ದೆ. ಈ ಸಲ ಹೇಳುವುದಕ್ಕೆ ನಿಜವಾದ ವಿಷಯ ಇದೆ. ಬೈಯುವುದಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಮುಂದಕ್ಕೆ ಓದು.

ಫೋನಿನಲ್ಲೇ ಹೇಳಬಹುದಲ್ಲ ಅಂತ ಅಮ್ಮ ಕೇಳುತ್ತಾಳೆ. ಫೋನ್ ಕೈಗೆ ಬಂದರೆ ನೀನು "ಚೆನ್ನಾಗಿದ್ದೀಯಾ, ಊಟ ಆಯ್ತಾ, ಇರು ಅಮ್ಮಂಗೆ ಕೊಡ್ತೀನಿ" ಅಂದು ಹನ್ನೊಂದು ಸೆಕೆಂಡಿನಲ್ಲಿ ಕೈತೊಳೆದುಕೊಳ್ಳುತ್ತೀಯ. ನಾನು ಎಣಿಸಿದ್ದೇನೆ. ಯಾಕೆ ಅಂತಲೂ ಗೊತ್ತು. ಒಂದೇ ಒಂದು ಸಲ "ಹಾಂ, ಏನಂದೆ" ಅಂದುಬಿಟ್ಟರೆ ತಮ್ಮ, ಅವನ ಹೆಂಡತಿ, ಅಮ್ಮ ಎಲ್ಲರೂ ನಿನ್ನ ಕಿವಿಯ ಕಡೆ ನೋಡುತ್ತಾರೆ. ಮೊದಲು ನೀನು ಮನೆಯಲ್ಲಿ ದಿನಕ್ಕೆ ಹತ್ತು ಸಲ ಹಾಂ ಅನ್ನುತ್ತಿದ್ದೆ, ಯಾರಿಗೂ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಸಮಾಚಾರ ಒಳ್ಳೆಯದೇ, ಮೊದಲು ಅದನ್ನು ಹೇಳಿಬಿಡುತ್ತೇನೆ. ಲಾಂಡ್ರಿ ಮುಂದೆ ನೀರಿನ ಪೈಪಿನ ಲೀಕು ಸಿಕ್ಕಿತು. ನೀನು ಹೇಳಿದ ಜಾಗದಲ್ಲೇ, ಹೊಸ್ತಿಲಿನಿಂದ ಎರಡು ಹೆಜ್ಜೆ ಆಚೆ. ಯಾರಿಗೂ ಪೆಟ್ಟಾಗಿಲ್ಲ. ಸೋಮವಾರ ಬೆಳಗ್ಗೆ ಆ ಗುಂಡಿಯೊಳಗೆ ಬಗ್ಗಿ ನೋಡಿದಾಗಿನಿಂದ ನಾನು ಸರಿಯಾಗಿ ಉಸಿರಾಡುತ್ತಿದ್ದೇನೆ. ಇಷ್ಟು ದಿನ ಉಸಿರಾಡುತ್ತಿರಲಿಲ್ಲ ಅನ್ನುವುದೂ ಅವತ್ತೇ ಗೊತ್ತಾಯಿತು.

ಎರಡು ವರ್ಷದ ಹಿಂದಿನ ಆ ದಿನ ನಿನಗೂ ನನಗೂ ಬಾಯಿಪಾಠ. ಆದರೂ ಒಂದು ಸಲ ಬರೆಯುತ್ತೇನೆ, ಏಕೆಂದರೆ ನಾವಿಬ್ಬರೂ ಅದರ ಬಗ್ಗೆ ಒಂದು ದಿನವೂ ಎದುರಾಬದುರು ಕೂತು ಮಾತಾಡಲಿಲ್ಲ. ನೀನು ಲಾಂಡ್ರಿಯ ಬಾಗಿಲ ಮುಂದೆ ಮಂಡಿಯೂರಿ, ಕೋಲಿನ ಒಂದು ತುದಿ ರಸ್ತೆಗೆ ಇನ್ನೊಂದು ತುದಿ ಕಿವಿಗೆ ಹಚ್ಚಿ, ನೆಲದಡಿಯ ಪೈಪಿನ ಶಬ್ದ ಕೇಳಿ, ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದೆ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಮಾಡಿದ ಕೆಲಸ ಅದು. ಅದೇ ಕಚೇರಿಗೆ ನಾನು ತಂದ ಸೆನ್ಸರ್‌ಗಳು ಲೀಕು ಅಲ್ಲಲ್ಲ, ಇಳಿಜಾರಿನಲ್ಲಿ ಹನ್ನೆರಡು ಮೀಟರ್ ಕೆಳಗೆ, ಶಾಲೆಯ ಗೇಟಿನ ಮುಂದೆ ಅಂದವು. ದೊಡ್ಡ ಸಾಹೇಬರು ನಿನ್ನ ಗೆರೆ ನೋಡಿದರು, ಆಮೇಲೆ ನನ್ನ ಲ್ಯಾಪ್‌ಟಾಪ್ ನೋಡಿದರು. ಗುದ್ದಲಿ ಮಾಮ ತನ್ನ ಜನ ಕಟ್ಟಿಕೊಂಡು ಶಾಲೆಯ ಗೇಟಿನ ಮುಂದೆ ಅಗೆದ. ಮಣ್ಣು ಒದ್ದೆ ಇತ್ತು, ಅಲ್ಲಿದ್ದ ಹಳೆಯ ಜಾಯಿಂಟೂ ಒದ್ದೆ ಇತ್ತು. ಅದನ್ನು ಕತ್ತರಿಸಿ ಹೊಸ ತುಂಡು ಕೂರಿಸಿದರು, ಎಲ್ಲರೂ ನನ್ನ ಬೆನ್ನು ತಟ್ಟಿದರು.

ನೀನೊಬ್ಬನೇ ಗುಂಡಿಯ ಅಂಚಿನಲ್ಲಿ ನಿಂತು, "ಇದು ಹರಿದು ಬಂದಿರೋ ನೀರು. ಇಲ್ಲಿ ಹುಟ್ಟಿದ್ದಲ್ಲ" ಅಂದೆ.

ಮಾರನೆಯ ದಿನ ನೀನು ಮತ್ತೆ ಹೋಗಿ ಕೋಲು ಇಟ್ಟು, ಶಬ್ದ ಇನ್ನೂ ಇದೆ ಅಂತ ಬರೆದುಕೊಟ್ಟೆ. ನನ್ನ ಪರದೆಯಲ್ಲೂ ಅದು ಸಣ್ಣಗೆ ಇತ್ತು. ಶಾಲೆಯ ಟ್ಯಾಂಕ್ ತುಂಬುವ ಸದ್ದು ಇರಬೇಕು ಅಂತ ನಾನು ತಳ್ಳಿಹಾಕಿದೆ. ನಿನ್ನ ಚೀಟಿಗೆ ಉತ್ತರವಾಗಿ ಬಂದದ್ದು ಆ ವರದಿ. ಅದರ ನಾಲ್ಕನೇ ಅಂಶ ನಿನಗೆ ನೆನಪಿರುತ್ತದೆ, ಆದರೂ ಇಲ್ಲಿ ಬರೆಯುತ್ತೇನೆ: "ಆಲಿಸುವ ನೌಕರರ ಶ್ರವಣಶಕ್ತಿ ವಯಸ್ಸಿನ ಕಾರಣ ಕುಂದಿದ್ದು, ಇಲ್ಲದ ಶಬ್ದವನ್ನು ಇದೆಯೆಂದು ಗ್ರಹಿಸುತ್ತಿರುವ ಸಾಧ್ಯತೆ ಇದೆ." ಆಮೇಲೆ ಕೋಲು ಉಗ್ರಾಣಕ್ಕೆ ಹೋಯಿತು, ನೀನು ಹಳೆಯ ಮೀಟರ್ ಪುಸ್ತಕಗಳ ಕೋಣೆಗೆ ಹೋದೆ. ಆರು ತಿಂಗಳು ಅಲ್ಲಿ ಧೂಳು ಕುಡಿದು, ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು, ಅಮ್ಮನನ್ನು ಹೊರಡಿಸಿಕೊಂಡು ತಮ್ಮನ ಊರಿಗೆ ಹೋಗಿಬಿಟ್ಟೆ.

ಈಗ ನನ್ನ ಯಂತ್ರಗಳ ಕಥೆ ಕೇಳು. ಇದನ್ನು ನಿನಗೆ ಒಂದು ಸಲವೂ ಸರಿಯಾಗಿ ಹೇಳಿಲ್ಲ. ನಿನಗೆ ಕೇಳಲು ಬಿಗುಮಾನ, ನನಗೆ ಹೇಳಲು ಜಂಬ.

ರಸ್ತೆಯ ಆ ತುದಿಯ ಮುಚ್ಚಳದಡಿಯ ಚೇಂಬರಿನಲ್ಲಿ ಒಂದು, ಈ ತುದಿಯ ಚೇಂಬರಿನಲ್ಲಿ ಒಂದು, ಪೈಪಿಗೆ ಅಂಟಿಸಿದ ಸೆನ್ಸರ್ ಡಬ್ಬಿ. ಊರಿನಲ್ಲಿ ಹೀಗೆ ಇನ್ನೂರ ಹತ್ತು ಇವೆ. ತಂತಿ ಇಲ್ಲ, ಕರೆಂಟು ಇಲ್ಲ, ಇರುವುದು ಒಂದು ಬ್ಯಾಟರಿ ಮಾತ್ರ. ಬ್ಯಾಟರಿಯನ್ನು ತಿಂದುಹಾಕುವುದು ಕೇಳುವ ಕೆಲಸ ಅಲ್ಲ, ಮಾತಾಡುವ ಕೆಲಸ. ರೇಡಿಯೋ ಎದ್ದಿತೆಂದರೆ ಖರ್ಚು. ಇನ್ನೊಬ್ಬರು ಏನಾದರೂ ಹೇಳುತ್ತಾರಾ ಅಂತ ಸುಮ್ಮನೆ ಕಾಯುವುದೂ ಅಷ್ಟೇ ಖರ್ಚು. ಆದ್ದರಿಂದ ಅವು ದಿನವಿಡೀ ಮಲಗಿರುತ್ತವೆ, ಒಪ್ಪಿಕೊಂಡ ಹೊತ್ತಿಗೆ ಎಲ್ಲ ಒಟ್ಟಿಗೆ ಏಳುತ್ತವೆ, ಕೆಲಸ ಮುಗಿಸಿ ಮತ್ತೆ ಮಲಗುತ್ತವೆ. ನೀನು ಒಂದು ಸಲ ಇವುಗಳನ್ನು ನೋಡಿ, ಸರ್ಕಾರಿ ಕೆಲಸ ಸಿಕ್ಕಿದೆ ಅಂದಿದ್ದೆ. ನಾನು ಮುಖ ಊದಿಸಿಕೊಂಡಿದ್ದೆ, ಈಗ ನಗು ಬರುತ್ತಿದೆ.

ಬೆಳಗಿನ ಜಾವ ಮೂರಕ್ಕೆ ಊರಿನ ನಲ್ಲಿಗಳೆಲ್ಲ ನಿಂತಿರುತ್ತವೆ, ಆಗ ಅವು ಕಿವಿಗೊಡುತ್ತವೆ. ಲೀಕಿನ ಶಬ್ದ ಮೇಲಿನ ಡಬ್ಬಿಗೆ ಯಾವಾಗ ಬಂತು, ಕೆಳಗಿನದಕ್ಕೆ ಯಾವಾಗ ಬಂತು, ಆ ವ್ಯತ್ಯಾಸದಿಂದ ಜಾಗ ಗೊತ್ತಾಗುತ್ತದೆ. ಕಬ್ಬಿಣದ ಪೈಪಿನಲ್ಲಿ ಶಬ್ದ ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ಓಡುತ್ತದೆ. ಹಾಗಾಗಿ ಎರಡು ಡಬ್ಬಿಗಳ ಗಡಿಯಾರ ಒಂದನ್ನೊಂದು ಒಪ್ಪಲೇಬೇಕು. ಇಪ್ಪತ್ತು ಮಿಲಿಸೆಕೆಂಡು ತಪ್ಪಿದರೆ, ಅಂದರೆ ಸೆಕೆಂಡನ್ನು ಐವತ್ತು ಚೂರು ಮಾಡಿ ಅದರಲ್ಲಿ ಒಂದು ಚೂರು ತಪ್ಪಿದರೆ, ಗುಂಡಿ ಹನ್ನೆರಡು ಮೀಟರ್ ಆಚೆ ಬೀಳುತ್ತದೆ.

ಮೊದಲು ಅವು ಗಂಟೆಗೊಮ್ಮೆ ಎದ್ದು ಗಡಿಯಾರ ಹೊಂದಿಸಿಕೊಳ್ಳುತ್ತಿದ್ದವು. ಬ್ಯಾಟರಿ ಐದು ವರ್ಷ ಬರುತ್ತದೆ ಅಂತ ನಾನು ತುಂಬಿದ ಸಭೆಯಲ್ಲಿ ಎದ್ದುನಿಂತು ಹೇಳಿದ್ದೆ. ಹದಿನಾಲ್ಕು ತಿಂಗಳಿಗೆ ಒಂದೊಂದೇ ಕಣ್ಣು ಮುಚ್ಚತೊಡಗಿದವು. ಬ್ಯಾಟರಿ ಬದಲಿಸುವುದೆಂದರೆ ರಸ್ತೆ ಅಡ್ಡಗಟ್ಟಬೇಕು, ಚೇಂಬರಿನಲ್ಲಿ ನಿಂತ ನೀರು ಹೊರಹಾಕಬೇಕು, ಇನ್ನೂರ ಹತ್ತು ಸಲ. ನನಗೆ ಮಾನ ಉಳಿಸಿಕೊಳ್ಳಬೇಕಿತ್ತು. ಹೇಗೂ ಬೆಳಗ್ಗೆ ಆರಕ್ಕೆ ಅವು ಲೆಕ್ಕ ಕಳಿಸಲು ಏಳುತ್ತವೆ, ರೇಡಿಯೋ ಹೇಗೂ ಎದ್ದಿರುತ್ತದೆ, ಗಡಿಯಾರವನ್ನೂ ಆಗಲೇ ಒಂದು ಸಲ ಸರಿಮಾಡಿಕೊಳ್ಳಲಿ ಅಂತ, ನೀನು ಆ ಗೆರೆ ಎಳೆಯುವುದಕ್ಕೆ ಮುಂಚೆಯೇ ಬದಲಾಯಿಸಿದ್ದೆ. ಯಾರನ್ನೂ ಕೇಳಲಿಲ್ಲ. ಪರೀಕ್ಷೆ ಮಾಡಿದೆ, ಆದರೆ ನನ್ನ ಕೋಣೆಯ ಮೇಜಿನ ಮೇಲೆ, ಫ್ಯಾನಿನ ಕೆಳಗೆ, ಎರಡು ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟು. ಅಲ್ಲಿ ಚೆನ್ನಾಗಿಯೇ ನಡೆದವು.

ಮೂರು ವಾರದ ಹಿಂದೆ ಲಾಂಡ್ರಿ ನಡೆಸುವಾಕೆ ಫೋನ್ ಮಾಡಿದಳು. ಒಂದು ಒಗೆಯುವ ಯಂತ್ರ ಒಂದು ಕಡೆಗೆ ವಾಲುತ್ತಿದೆ, ಕೆಳಗೆ ರಟ್ಟು ಇಟ್ಟರೂ ಮತ್ತೆ ವಾಲುತ್ತದೆ, ನೆಲ ಕಾಲಿಗೆ ಟೊಳ್ಳು ಅನಿಸುತ್ತದೆ ಅಂದಳು. ಅಲ್ಲಿ ಎಂಟು ಹೆಂಗಸರು ಕೆಲಸ ಮಾಡುತ್ತಾರೆ, ನಡುವೆ ದೊಡ್ಡ ಬಾಯ್ಲರ್. ನಾನು ಸೆನ್ಸರ್ ನೋಡಿದೆ. ಶಾಲೆಯ ಗೇಟಿನ ಮುಂದೆ ಅಂದಿತು. ಗುದ್ದಲಿ ಮಾಮ ಮತ್ತೆ ಅಲ್ಲೇ ಅಗೆದ. ಎಲ್ಲರ ಎದುರಿಗೆ ನನ್ನನ್ನು ಮೇಡಂ ಅನ್ನುವವನು, ಗುಂಡಿಯೊಳಗಿನಿಂದ ತಲೆ ಎತ್ತಿ, "ಮರಿ, ಇದು ಹೋದ ಸಲದ ಗುಂಡಿನೇ. ನಾವೇ ಹಾಕಿದ ಹೊಸ ಪೈಪು. ಇದು ಹೆಂಗೆ ಸೋರುತ್ತೆ?" ಅಂದ.

ನಾನೂ ಗುಂಡಿಗೆ ಇಳಿದು ಮುಟ್ಟಿ ನೋಡಿದೆ. ಮಣ್ಣು ಒದ್ದೆ, ಪೈಪು ಗಟ್ಟಿ. ನಿನ್ನ ಮಾತು ಆಗ ನೆನಪಾಯಿತು ಅಂತ ಬರೆದರೆ ಸುಳ್ಳು. ಆಗಲೂ ನಾನು ಬ್ಯಾಟರಿಯನ್ನೇ ಅನುಮಾನಿಸಿದೆ. ಬದಲಾಯಿಸೋಣ ಅಂತ ಶಾಲೆಯಿಂದ ಕೆಳಗಿರುವ ಚೇಂಬರಿಗೆ ನಾನೇ ಇಳಿದೆ. ಮಧ್ಯಾಹ್ನ ಎರಡು ಗಂಟೆ. ಡಬ್ಬಿಗೆ ಕೈ ಇಟ್ಟೆ, ಬೆಚ್ಚಗಿತ್ತು. ಬೆಳಗ್ಗೆ ನೋಡಿದ ಮೇಲಿನ ಚೇಂಬರಿನ ಡಬ್ಬಿ ತಣ್ಣಗಿತ್ತು. ಗೋಡೆ ಮುಟ್ಟಿದೆ, ಗೋಡೆಯೂ ಬೆಚ್ಚಗೆ. ಗೋಡೆಯ ಆಚೆ ಲಾಂಡ್ರಿಯ ಬಿಸಿನೀರಿನ ಚರಂಡಿ ಹೋಗುತ್ತದೆ ಅಪ್ಪ. ಬೆಳಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಆ ನೀರು ಹರಿಯುತ್ತದೆ. ಬಿಸಿಯಾದರೆ ಡಬ್ಬಿಯ ಗಡಿಯಾರ ಕೂದಲೆಳೆಯಷ್ಟು ನಿಧಾನವಾಗುತ್ತದೆ. ಆರಕ್ಕೆ ಸರಿಮಾಡಿದ್ದು ಇಡೀ ದಿನ ಹಿಂದೆ ಬಿದ್ದು, ಮರುದಿನ ಮೂರಕ್ಕೆ ಕಿವಿಗೊಡುವಾಗ ಅಷ್ಟೂ ತಪ್ಪು ಕೂಡಿಕೊಂಡಿರುತ್ತದೆ. ಮತ್ತೆ ಆರಕ್ಕೆ ಸರಿಯಾಗಿಬಿಡುತ್ತದೆ. ನಾನು ಕಚೇರಿಗೆ ಬಂದು ಒಂಬತ್ತಕ್ಕೆ ನೋಡಿದರೆ ಎಲ್ಲ ಗಡಿಯಾರ ಸರಿ.

ಚೇಂಬರಿನಲ್ಲೇ ಕೂತುಬಿಟ್ಟೆ. ಮೇಲಿನಿಂದ ಗುದ್ದಲಿ ಮಾಮ ಕರೆಯುತ್ತಿದ್ದ, ಏನಾಯ್ತು ಏನಾಯ್ತು ಅಂತ. ಏನೂ ಇಲ್ಲ ಮಾಮ, ಬಂದೆ ಅಂದೆ.

ಅವತ್ತೇ ಡಬ್ಬಿಗಳಿಗೆ ಹೊಸ ಆಜ್ಞೆ ಕಳಿಸಿದೆ, ಮೂರಕ್ಕೆ ಐದು ನಿಮಿಷ ಇರುವಾಗ ಎದ್ದು ಒಮ್ಮೆ ಗಡಿಯಾರ ಹೊಂದಿಸಿಕೊಂಡು ಆಮೇಲೆ ಕೇಳಿ ಅಂತ. ಮೂರು ದಿನ ಸತತವಾಗಿ ನೋಡಿದೆ. ಮೂರು ದಿನವೂ ಒಂದೇ ಜಾಗ ತೋರಿಸಿದವು, ಲಾಂಡ್ರಿ ಹೊಸ್ತಿಲಿನಿಂದ ಎರಡು ಹೆಜ್ಜೆ.

ಕೈ ನೋಯುತ್ತಿದೆ, ಉಳಿದದ್ದು ಆಮೇಲೆ ಬರೆಯುತ್ತೇನೆ.

ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ, ಕಚೇರಿಯಲ್ಲಿ ಸಭೆಯ ಮೇಲೆ ಸಭೆ. ಬಿಟ್ಟಲ್ಲಿಂದ ಹೇಳುತ್ತೇನೆ.

ಸೋಮವಾರ ಬೆಳಗ್ಗೆ ಎಂಟಕ್ಕೆ ಲಾಂಡ್ರಿಯ ಹೆಂಗಸರನ್ನೆಲ್ಲ ಹೊರಗೆ ಕಳಿಸಿ, ಬಾಯ್ಲರ್ ಆರಿಸಿ, ಅಗೆಯಲು ಶುರು ಮಾಡಿದೆವು. ಅವರು ಎದುರಿನ ಕಟ್ಟೆಯ ಮೇಲೆ ಸಾಲಾಗಿ ಕೂತು, ಅಷ್ಟೂ ಹೊತ್ತು ನಮ್ಮ ಕೆಲಸಕ್ಕೆ ಸಲಹೆ ಕೊಡುತ್ತಿದ್ದರು. ಎದೆಯ ಮಟ್ಟಕ್ಕೆ ಹೋಗುವಷ್ಟರಲ್ಲಿ ಗುದ್ದಲಿ ಮಾಮ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಪೈಪಿನ ಉದ್ದಕ್ಕೂ ಬಿರುಕು, ನನ್ನ ಕಿರುಬೆರಳು ಹೋಗುವಷ್ಟು ಅಗಲ. ನೀರು ಮೇಲಕ್ಕೆ ಬಾರದೆ, ಪೈಪಿನ ಅಡಿಯ ಮರಳಿನಲ್ಲೇ ಕೆಳಗಿಳಿದು ಶಾಲೆಯ ಗೇಟಿನತ್ತ ಹರಿಯುತ್ತಿತ್ತು. ನೀನು ಹೇಳಿದ ಹಾಗೆಯೇ. ಎರಡು ವರ್ಷ ಮಣ್ಣು ಕೊಚ್ಚಿಕೊಂಡು ಹೋಗಿ ಲಾಂಡ್ರಿ ನೆಲದಡಿಯಲ್ಲಿ ಇಬ್ಬರು ಆರಾಮಾಗಿ ಕೂರುವಷ್ಟು ಪೊಳ್ಳು ಆಗಿತ್ತು. ಬಾಯ್ಲರ್ ಇದ್ದದ್ದು ಅದರಿಂದ ಒಂದು ಗೇಣು ಈಚೆಗೆ. ಇನ್ನೊಂದು ವಾರ ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ನಾನು ಬರೆಯುವುದಿಲ್ಲ, ನೀನು ಯೋಚಿಸಲೂ ಬೇಡ. ಆಗಲಿಲ್ಲ. ಆಗಲಿಲ್ಲ ಅಂತ ದಿನಕ್ಕೆ ನಾಲ್ಕು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಹೇಳಿದಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತದೆ.

ಗುದ್ದಲಿ ಮಾಮ ಗುಂಡಿಯಿಂದ ಮೇಲೆ ಬಂದು, ಕೈ ಒರೆಸಿಕೊಂಡು, "ನಿಮ್ಮಪ್ಪ ಗೆರೆ ಎಳೆದಿದ್ದು ಇಲ್ಲೇ. ಅವತ್ತು ನಾನು ಬಾಯಿ ಮುಚ್ಕೊಂಡು ನೀವು ಹೇಳಿದ ಕಡೆ ಅಗೆದೆ" ಅಂದ. ಅವನ ಕಣ್ಣು ಕೆಂಪಾಗಿತ್ತು. ಧೂಳು ಅಂದ.

ಬಿರುಕಿನ ಪೈಪು ತೆಗೆದು ಹೊಸದು ಹಾಕಿ, ಪೊಳ್ಳು ತುಂಬಿ, ಮಂಗಳವಾರ ಸಂಜೆಗೆ ನೆಲ ಗಟ್ಟಿಯಾಯಿತು. ಲಾಂಡ್ರಿಯಾಕೆ ನನ್ನ ಕೆಸರಿನ ಬಟ್ಟೆ ನೋಡಲಾರದೆ, ಒಳಗೆ ಕರೆದು, ಯಾರದೋ ಗಿರಾಕಿಯ ಇಸ್ತ್ರಿ ಮಾಡಿದ ಅಂಗಿ ಕೊಟ್ಟು, ನಾಳೆ ತಂದುಕೊಡಿ, ಅವರು ಬರೋದು ಶನಿವಾರ ಅಂದಳು. ಅದನ್ನೇ ಹಾಕಿಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ಕಂಡಕ್ಟರ್ ಎರಡು ಸಲ ಸಾರ್ ಅಂದ.

ಬುಧವಾರ ಬೆಳಗ್ಗೆ, ನಿನಗೆ ಈ ಕಾಗದ ಶುರು ಮಾಡುವ ಮೊದಲೇ, ಇಷ್ಟನ್ನೂ ಬರೆದು ದೊಡ್ಡ ಸಾಹೇಬರ ಮೇಜಿನ ಮೇಲೆ ಇಟ್ಟಿದ್ದೆ. ಏನನ್ನೂ ಮುಚ್ಚಲಿಲ್ಲ. ಗಂಟೆಗೊಮ್ಮೆ ಇದ್ದದ್ದನ್ನು ದಿನಕ್ಕೊಮ್ಮೆ ಮಾಡಿದ್ದು ನಾನು, ಯಾರನ್ನೂ ಕೇಳದೆ ಮಾಡಿದ್ದು ನಾನು, ಫ್ಯಾನಿನ ಕೆಳಗೆ ಪರೀಕ್ಷೆ ಮಾಡಿದ್ದು ನಾನು. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಓದಿದರು.

"ಅಂದ್ರೆ ಅವರ ಕಿವಿ ಸರಿಯಾಗಿತ್ತು, ನಮ್ಮ ಗಡಿಯಾರ ಕೆಟ್ಟಿತ್ತು" ಅಂದರು.

"ಗಡಿಯಾರನೂ ಕೆಟ್ಟಿರಲಿಲ್ಲ ಸಾರ್. ಡಬ್ಬಿ ಕಿವಿಗೊಡೋ ಹೊತ್ತಿಗೆ ಟೈಮ್ ಎಷ್ಟು ಅಂತ ನಾನು ಅದನ್ನ ಕೇಳಲಿಲ್ಲ" ಅಂದೆ.

ನಿನ್ನೆಯ ಸಭೆಯಲ್ಲಿ ನನಗೆ ಲಿಖಿತ ಎಚ್ಚರಿಕೆ ಕೊಟ್ಟರು, ಕೊಡಬೇಕಾದದ್ದೇ. ಬೆಚ್ಚಗಿನ ಚೇಂಬರ್ ಇನ್ನೂ ಎಷ್ಟಿವೆ ಅಂತ ಊರೆಲ್ಲ ಹುಡುಕಬೇಕು, ಹಳೆಯ ಗುಂಡಿಗಳ ಪಟ್ಟಿಯನ್ನು ಮತ್ತೆ ನೋಡಬೇಕು. ಇನ್ನು ಮೇಲೆ ಎಲ್ಲ ಡಬ್ಬಿಗಳೂ ಕಿವಿಗೊಡುವ ಮುನ್ನ ಎದ್ದು ಗಡಿಯಾರ ಹೊಂದಿಸಿಕೊಳ್ಳುತ್ತವೆ. ಅದಕ್ಕೆ ಖರ್ಚು ಎಷ್ಟು ಅಂತ ಲೆಕ್ಕ ಹಾಕಿದೆ. ಐದು ವರ್ಷದಲ್ಲಿ ನಾಲ್ಕು ತಿಂಗಳು ಕಡಿಮೆ, ಅಷ್ಟೇ. ನಾಲ್ಕು ತಿಂಗಳ ಬ್ಯಾಟರಿ ಉಳಿಸಲು ಹೋಗಿ ಮೂವತ್ತೊಂದು ವರ್ಷದ ಕೆಲಸಗಾರನನ್ನು ಧೂಳಿನ ಕೋಣೆಯಲ್ಲಿ ಕೂರಿಸಿದೆವು. ಆ ಲೆಕ್ಕದ ಹಾಳೆ ನೋಡಿ ಕಚೇರಿಯ ಶೌಚಾಲಯಕ್ಕೆ ಹೋಗಿ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಬಂದು ಊಟ ಮಾಡಿದೆ, ಎರಡು ವರ್ಷದಲ್ಲಿ ಅಷ್ಟು ಹಸಿವಾಗಿದ್ದು ಅವತ್ತೇ.

ಇದರ ಜೊತೆಗೆ ಒಂದು ಹಾಳೆ ಇಟ್ಟಿದ್ದೇನೆ, ಕಚೇರಿಯ ಮೊಹರು ಇರುವುದು. "ಹಿಂದಿನ ವರದಿಯ ನಾಲ್ಕನೇ ಅಂಶವನ್ನು ಹಿಂಪಡೆಯಲಾಗಿದೆ. ಆಲಿಸುವ ನೌಕರರು ಗುರುತಿಸಿದ ಸ್ಥಳ ಸರಿಯಾಗಿತ್ತು." ಎರಡೇ ಸಾಲು. ಇನ್ನೂ ಚೆನ್ನಾಗಿ ಬರೆಯಬಹುದಿತ್ತು ಅಂತ ನನಗೆ ಅನಿಸಿತು, ಆದರೆ ನೀನು ಹೊಗಳಿಕೆ ಓದಿದರೆ ಕೆಮ್ಮುತ್ತೀಯ. ತಮ್ಮನಿಗೆ ತೋರಿಸು. ಅಮ್ಮನಿಗೆ ಜೋರಾಗಿ ಓದಿ ಹೇಳು. ಪಕ್ಕದ ಮನೆಯವರಿಗೂ ಕೇಳಿದರೆ ಕೇಳಲಿ. ಹೊಸಬರಿಗೆ ಕೋಲು ಹಿಡಿಯುವುದನ್ನು ಕಲಿಸಿಕೊಡಲು ಬರುತ್ತೀಯಾ ಅಂತ ಕೇಳಿ ಸಾಹೇಬರು ಬೇರೆ ಕಾಗದ ಬರೆಯುತ್ತಾರಂತೆ. ಬರುವುದು ಬಿಡುವುದು ನಿನ್ನಿಷ್ಟ, ನಾನು ಬಲವಂತ ಮಾಡುವುದಿಲ್ಲ. ಸಾಹೇಬರು ಹೊರಡುವಾಗ, ಮನೆಗೆ ತಿಳಿಸಿದೆಯಾ ಅಂತ ಕೇಳಿದರು. ಬರೆಯುತ್ತಿದ್ದೇನೆ ಅಂದೆ.

ಅಮ್ಮನಿಗೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬಾರದು ಅಂತ ಹೇಳು. ತಮ್ಮನಿಗೂ ಅವನ ಹೆಂಡತಿಗೂ ನೆನೆದೆ ಅಂತ ತಿಳಿಸು, ಮೊಮ್ಮಗಳ ಎರಡು ಹಲ್ಲಿಗೂ ಒಂದೊಂದು ಮುತ್ತು. ನೀನು ಸಂಜೆ ನಡೆದಾಡುವುದನ್ನು ತಪ್ಪಿಸಬೇಡ. ನಿನ್ನ ಕೈ ನನ್ನ ತಲೆಯ ಮೇಲೆ ಇರಲಿ, ಬೇಕಾದರೆ ಸ್ವಲ್ಪ ಜೋರಾಗಿಯೇ ಇರಲಿ.

ನಿನ್ನ ಮಗಳು

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ವರದಿ ಬರೆದದ್ದು ದೊಡ್ಡ ಸಾಹೇಬರು ಅಂತ ನೀನು ಇವತ್ತಿಗೂ ನಂಬಿದ್ದೀಯ. ಅವರದು ಸಹಿ ಮಾತ್ರ. ಅಪ್ಪನ ವಿಷಯ, ನೀನು ಬರೆಯಬೇಡ, ಬೇರೆಯವರ ಕೈಲಿ ಬರೆಸುತ್ತೇನೆ ಅಂತ ಅವರು ನನಗೆ ಹೇಳಿದ್ದರು. ನಾನೇ ಕೇಳಿ ಇಸಿದುಕೊಂಡೆ. ಮಗಳು ಅಪ್ಪನ ಪರ ವಹಿಸಿಕೊಂಡಳು ಅಂತ ಯಾರೂ ಆಡಿಕೊಳ್ಳಬಾರದು ಅಂತ, ಬೇರೆ ಯಾರೂ ಬರೆಯದಷ್ಟು ಬಿಗಿಯಾಗಿ ಬರೆದೆ. ನಾಲ್ಕನೇ ಅಂಶದ ಒಂದೊಂದು ಪದವೂ ನನ್ನದು. ಬರೆಯುವ ಮೊದಲು ನಿನ್ನ ಕಿವಿಯನ್ನೂ ಪರೀಕ್ಷೆ ಮಾಡಿಸಲಿಲ್ಲ, ನನ್ನ ಗಡಿಯಾರವನ್ನೂ ಮಾಡಿಸಲಿಲ್ಲ.

ಅವತ್ತು ಸಂಜೆ ನೀನು ಅದರ ಪ್ರತಿಯನ್ನು ಮನೆಗೆ ತಂದು, ಕನ್ನಡಕ ಸಿಗುತ್ತಿಲ್ಲ, ಓದಿ ಹೇಳು ಅಂತ ನನ್ನ ಕೈಗೇ ಕೊಟ್ಟೆ. ಅಡುಗೆಮನೆಯ ಮೇಜಿನ ಹತ್ತಿರ ನಿಂತು ನಾನು ಬರೆದದ್ದನ್ನು ನಾನೇ ನಿನಗೆ ಓದಿ ಹೇಳಿದೆ. ನೀನು ಪೂರ್ತಿ ಕೇಳಿಸಿಕೊಂಡು, "ಇದನ್ನ ಬರೆದವನಿಗೂ ಒಬ್ಬ ಅಪ್ಪ ಇರ್ತಾನಲ್ವಾ" ಅಂದೆ. ನಾನು ಲೋಟ ತೊಳೆಯುವ ನೆಪದಲ್ಲಿ ಅತ್ತ ತಿರುಗಿದೆ.

ಇದ್ದಾನೆ ಅಪ್ಪ. ಈಗ ಈ ಕಾಗದ ಓದುತ್ತಿದ್ದಾನೆ.